ಗುರು ಗ್ರಹ ಬರೀ ಗಾಳಿಯೇ? ಕಲ್ಲಿನ ಗ್ರಹಕ್ಕೂ ಅನಿಲ ಗ್ರಹಕ್ಕೂ ಇರುವ ನಿಜವಾದ ವ್ಯತ್ಯಾಸ

‘ಗುರು ಗ್ರಹದಲ್ಲಿ ನೆಲವೇ ಇಲ್ಲ, ಅದು ಪೂರ್ತಿ ಗ್ಯಾಸ್. ರಾಕೆಟ್ ಬಿಟ್ಟರೆ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಗೆ ಬರುತ್ತದೆ.’ ಈ ಅರ್ಥದ ರೀಲ್ಸ್, ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರ ನೆಂಟರೂ ಕೆಲವರಿದ್ದಾರೆ. ಗುರುವಿನ ಮೇಲೆ ಒಂದು ಬೆಂಕಿಕಡ್ಡಿ ಗೀರಿದರೆ ಇಡೀ ಗ್ರಹ ಹೊತ್ತಿ ಉರಿಯುತ್ತದೆ. ಶನಿಯನ್ನು ನೀರಿಗೆ ಹಾಕಿದರೆ ತೇಲುತ್ತದೆ. ನೆಪ್ಚೂನ್‌ನಲ್ಲಿ ವಜ್ರದ ಮಳೆ ಸುರಿಯುತ್ತದೆ. ಆಮೇಲೆ ಆಗಾಗ ತಿರುಗಿ ಬರುವ ‘ಎರಡನೇ ಭೂಮಿ ಸಿಕ್ಕಿತು, ಅಲ್ಲಿ ಸಮುದ್ರವೂ ಇದೆ, ಜೀವವೂ ಇದೆ’.

ನೋಡಲು ಇವು ಬೇರೆ ಬೇರೆ ಸುದ್ದಿ. ಆದರೆ ಇವೆಲ್ಲವನ್ನೂ ಪರೀಕ್ಷಿಸಲು ಬೇಕಾದ ತಿಳಿವಳಿಕೆ ಒಂದೇ: ಕಲ್ಲಿನ ಗ್ರಹ ಎಂದರೇನು, ಅನಿಲ ಗ್ರಹ ಎಂದರೇನು. ಶಾಲೆಯಲ್ಲಿ ಓದಿದ್ದು ನೆನಪಿದ್ದರೆ ಬುಧ, ಶುಕ್ರ, ಭೂಮಿ, ಮಂಗಳ ಒಂದು ಗುಂಪು. ಗುರು, ಶನಿ, ಯುರೇನಸ್, ನೆಪ್ಚೂನ್ ಇನ್ನೊಂದು ಗುಂಪು. ಪಟ್ಟಿಯಲ್ಲಿ ತಪ್ಪಿಲ್ಲ. ಗೊಂದಲ ಹುಟ್ಟುವುದು ‘ಅನಿಲ’ ಎಂಬ ಪದದಿಂದ.

ಸಿಲಿಂಡರ್ ಒಳಗೆ ಇರುವುದು ಗ್ಯಾಸೇ?

‘ಗ್ಯಾಸ್ ಖಾಲಿಯಾಯ್ತು’ ಎನ್ನುತ್ತೇವೆ. ಆದರೆ ಸಿಲಿಂಡರ್ ಎತ್ತಿ ಅಲ್ಲಾಡಿಸಿ ನೋಡಿದವರಿಗೆ ಗೊತ್ತು, ಒಳಗೆ ಏನೋ ತುಳುಕುತ್ತದೆ. ಮನೆಗೆ ಬರುವ ಸಿಲಿಂಡರಿನ 14.2 ಕೆಜಿಯಲ್ಲಿ ಬಹುಪಾಲು ದ್ರವ. ಒತ್ತಡ ಹಾಕಿ ತುಂಬಿದ್ದರಿಂದ ಅನಿಲ ದ್ರವವಾಗಿ ಕೂತಿರುತ್ತದೆ. ರೆಗ್ಯುಲೇಟರ್ ತಿರುಗಿಸಿದಾಗ ಮತ್ತೆ ಅನಿಲವಾಗಿ ಒಲೆಗೆ ಬರುತ್ತದೆ. ನಾವು ಮಾತ್ರ ಎರಡಕ್ಕೂ ಗ್ಯಾಸ್ ಎಂದೇ ಕರೆಯುತ್ತೇವೆ.

ಗುರುವಿಗೆ ಅಂಟಿದ ಹೆಸರೂ ಹೀಗೆಯೇ. ಅದು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂನಿಂದ ಆಗಿದೆ. ಇವೆರಡೂ ನಮ್ಮ ಭೂಮಿಯ ಮೇಲೆ ಅನಿಲಗಳು, ಹಾಗಾಗಿ ಅದು ಅನಿಲ ಗ್ರಹ. ಹೆಸರು ಹೇಳುವುದು ಸಾಮಗ್ರಿ ಯಾವುದು ಎಂದು. ಆ ಸಾಮಗ್ರಿ ಒಳಗೆ ಯಾವ ಸ್ಥಿತಿಯಲ್ಲಿದೆ ಎಂದು ಹೆಸರು ಹೇಳುವುದಿಲ್ಲ.

ಗುರುವಿನ ತೂಕ 318 ಭೂಮಿಗಳಷ್ಟು. ಉಳಿದ ಏಳೂ ಗ್ರಹಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿದರೂ ಗುರುವಿನ ಅರ್ಧ ತೂಗುವುದಿಲ್ಲ. ಇಷ್ಟೆಲ್ಲ ಹೈಡ್ರೋಜನ್ ತನ್ನ ಭಾರದಿಂದಲೇ ತನ್ನನ್ನು ಒತ್ತಿಕೊಳ್ಳುತ್ತದೆ. ಮೇಲೆ ಮೋಡ ಮತ್ತು ಗಾಳಿ ಇರುವುದು ನಿಜ. ಸಾವಿರಾರು ಕಿಲೋಮೀಟರ್ ಕೆಳಗೆ ಹೋದರೆ ಹೈಡ್ರೋಜನ್ ದ್ರವದಂತೆ ನಡೆದುಕೊಳ್ಳುತ್ತದೆ. ಇನ್ನೂ ಆಳದಲ್ಲಿ, ನಮ್ಮ ಗಾಳಿಯ ಒತ್ತಡದ ಹತ್ತು ಲಕ್ಷ ಪಟ್ಟಿಗೂ ಮೀರಿದ ಒತ್ತಡದಲ್ಲಿ, ಅದು ಕರಗಿದ ಲೋಹದಂತಾಗಿ ವಿದ್ಯುತ್ ಹರಿಸಲು ತೊಡಗುತ್ತದೆ. ಸೌರವ್ಯೂಹದ ಗ್ರಹಗಳಲ್ಲೇ ಅತಿ ಬಲವಾದ ಕಾಂತಕ್ಷೇತ್ರ ಗುರುವಿಗೆ ಬಂದದ್ದು ಈ ಪದರದಿಂದ.

ಸಿಲಿಂಡರಿಗೂ ಗುರುವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಿಲಿಂಡರಿನಲ್ಲಿ ದ್ರವಕ್ಕೊಂದು ಮಟ್ಟ ಇರುತ್ತದೆ: ಕೆಳಗೆ ದ್ರವ, ಮೇಲೆ ಅನಿಲ. ಗುರುವಿನಲ್ಲಿ ಅಂಥ ಗೆರೆ ಇಲ್ಲ. ಸಾರು ಗಟ್ಟಿಯಾಗುತ್ತ ಹುಳಿಯಾಗಿ, ಹುಳಿ ಗೊಜ್ಜಾದಂತೆ ಅದು ಇಳಿದಷ್ಟೂ ದಪ್ಪವಾಗುತ್ತ ಹೋಗುತ್ತದೆ. ಇಲ್ಲಿಗೆ ಗಾಳಿ ಮುಗಿಯಿತು, ಇಲ್ಲಿಂದ ಸಮುದ್ರ ಎಂದು ಬೊಟ್ಟು ಮಾಡಿ ತೋರಿಸುವ ಜಾಗ ಸಿಗುವುದಿಲ್ಲ. ಆದ್ದರಿಂದ ‘ನೆಲವೇ ಇಲ್ಲ’ ಎಂಬ ಮಾತು ಸರಿ. ‘ಬರೀ ಗಾಳಿ’ ಎಂಬುದು ತಪ್ಪು.

ಒಳಗೆ ಹೋದವುಗಳ ಕಥೆ

ರಾಕೆಟ್ ತೂರಿ ಹೋಗುತ್ತದೆಯೇ ಎಂಬುದನ್ನು ಊಹಿಸಬೇಕಾಗಿಲ್ಲ. ಮನುಷ್ಯರು ಒಂದು ಯಂತ್ರವನ್ನು ಗುರುವಿನೊಳಗೆ ಬೀಳಿಸಿ ನೋಡಿದ್ದಾರೆ.

1995ರ ಡಿಸೆಂಬರ್ 7ರಂದು ನಾಸಾದ ಗೆಲಿಲಿಯೋ ನೌಕೆ ಹೊತ್ತು ತಂದಿದ್ದ 339 ಕೆಜಿಯ ಶೋಧಕವೊಂದು ಗುರುವಿನ ವಾತಾವರಣಕ್ಕೆ ಧುಮುಕಿತು. ಆಗ ಅದರ ವೇಗ ಸೆಕೆಂಡಿಗೆ 47 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ಮೈಸೂರಿಗೆ ಮೂರು ಸೆಕೆಂಡ್ ಎಂದುಕೊಳ್ಳಿ. ಹೊಕ್ಕ ಎರಡು ನಿಮಿಷದೊಳಗೆ ಆ ‘ಬರೀ ಗಾಳಿ’ ಅದರ ವೇಗವನ್ನು ಶಬ್ದದ ವೇಗಕ್ಕಿಂತ ಕೆಳಕ್ಕೆ ಇಳಿಸಿತು. ಬ್ರೇಕಿನ ಹೊಡೆತ ಭೂಮಿಯ ಗುರುತ್ವದ 228 ಪಟ್ಟು. ಶೋಧಕದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಶಾಖದಿಂದ ಕಾಪಾಡುವ ಕವಚವೇ ಇತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಎರಡು ನಿಮಿಷದಲ್ಲೇ ಸುಟ್ಟು ಹೋಯಿತು.

ಆಮೇಲೆ ಪ್ಯಾರಾಚೂಟ್ ಬಿಚ್ಚಿ ಶೋಧಕ ನಿಧಾನಕ್ಕೆ ಇಳಿಯಿತು. ಸುಮಾರು ಒಂದು ಗಂಟೆ ಕಾಲ ಮಾಹಿತಿ ಕಳಿಸಿ ಸುಮ್ಮನಾಯಿತು. ಆ ಹೊತ್ತಿಗೆ ಸುತ್ತಲಿನ ಒತ್ತಡ ನಮ್ಮ ಗಾಳಿಯ ಒತ್ತಡದ 22 ಪಟ್ಟು, ಉಷ್ಣತೆ ಸುಮಾರು 150 ಡಿಗ್ರಿ ಸೆಲ್ಸಿಯಸ್. ಮನೆಯ ಕುಕ್ಕರ್ ವಿಸಿಲ್ ಹೊಡೆಯುವಾಗ ಒಳಗಿನ ಒತ್ತಡ ಸುಮಾರು ಎರಡು ಪಟ್ಟು ಮಾತ್ರ. ಸದ್ದಡಗಿದ ಮೇಲೂ ಅದು ಬೀಳುತ್ತಲೇ ಇತ್ತು. ಲೆಕ್ಕದ ಪ್ರಕಾರ ಮೊದಲು ಪ್ಯಾರಾಚೂಟ್, ನಂತರ ಅಲ್ಯೂಮಿನಿಯಂ ಭಾಗಗಳು, ಕೆಲವು ಗಂಟೆಗಳ ಬಳಿಕ ಟೈಟಾನಿಯಂ ಹೊದಿಕೆಯೂ ಕರಗಿ, ಕೊನೆಗೆ ಎಲ್ಲವೂ ಆವಿಯಾಗಿ ಗುರುವಿನ ಪಾಲಾಗಿರುತ್ತದೆ.

ಅದು ಮಾಹಿತಿ ಕಳಿಸುತ್ತಾ ಇಳಿದದ್ದು ಸುಮಾರು 150 ಕಿಲೋಮೀಟರ್. ಗುರುವಿನ ನಡುಮಧ್ಯ ಇರುವುದು ಸುಮಾರು 70,000 ಕಿಲೋಮೀಟರ್ ಆಳದಲ್ಲಿ. ತೆಂಗಿನಕಾಯಿಯ ಸಿಪ್ಪೆಯ ಮೇಲೆ ಉಗುರಿನಿಂದ ಗೀರಿದಷ್ಟೂ ಆಗಲಿಲ್ಲ.

ಅದಕ್ಕೂ ಒಂದು ವರ್ಷ ಮೊದಲು ಪ್ರಕೃತಿಯೇ ಇದೇ ಪ್ರಯೋಗ ಮಾಡಿತ್ತು. 1994ರ ಜುಲೈ 16ರಿಂದ 22ರವರೆಗೆ ಶೂಮೇಕರ್-ಲೆವಿ 9 ಎಂಬ ಧೂಮಕೇತುವಿನ ಇಪ್ಪತ್ತಕ್ಕೂ ಹೆಚ್ಚು ತುಂಡುಗಳು ಸೆಕೆಂಡಿಗೆ 60 ಕಿಲೋಮೀಟರ್ ವೇಗದಲ್ಲಿ ಒಂದರ ಹಿಂದೊಂದು ಗುರುವಿಗೆ ಬಡಿದವು. ಒಂದೇ ಒಂದು ತುಂಡೂ ಆಚೆ ಬದಿಯಿಂದ ಹೊರಬರಲಿಲ್ಲ. ಎಲ್ಲವೂ ಮೇಲಿನ ಪದರದಲ್ಲೇ ಸಿಡಿದು ಕಪ್ಪು ಕಲೆಗಳಾದವು. ಕೆಲವು ಕಲೆಗಳು ಭೂಮಿಗಿಂತ ಅಗಲವಾಗಿದ್ದವು. ಹವ್ಯಾಸಿಗಳ ಸಣ್ಣ ದೂರದರ್ಶಕಗಳಿಗೂ ಅವು ಕಾಣುತ್ತಿದ್ದವು.

ಹಾಗಾದರೆ ನಟ್ಟನಡುವೆ ಏನಿದೆ? ಹಳೆಯ ಪಠ್ಯಪುಸ್ತಕದ ಚಿತ್ರಗಳಲ್ಲಿ ಮಾವಿನ ಓಟೆಯ ಹಾಗೆ ಒಂದು ಗಟ್ಟಿ ಕಲ್ಲಿನ ಗುಂಡು ಇರುತ್ತದೆ. 2016ರ ಜುಲೈನಲ್ಲಿ ಗುರುವನ್ನು ತಲುಪಿದ ಜೂನೋ ನೌಕೆ ಅದರ ಗುರುತ್ವವನ್ನು ಸೂಕ್ಷ್ಮವಾಗಿ ಅಳೆದ ಮೇಲೆ ಆ ಚಿತ್ರ ಬದಲಾಗಿದೆ. ಕಲ್ಲು ಮತ್ತು ಹಿಮದ ಸಾಮಗ್ರಿ ಹೈಡ್ರೋಜನ್‌ನಲ್ಲಿ ಕಲಸಿಕೊಂಡು ಬಹಳ ದೂರದವರೆಗೆ ಹರಡಿದೆ, ಅಂಚು ಸ್ಪಷ್ಟವಿಲ್ಲ ಎಂಬುದು ಈಗಿನ ತಿಳಿವಳಿಕೆ. ಗುರುವಿನೊಳಗಿನ ಈ ಭಾರವಾದ ಸಾಮಗ್ರಿಯನ್ನೆಲ್ಲ ಒಟ್ಟು ಸೇರಿಸಿದರೆ ಹತ್ತು ಭೂಮಿಗಳಿಗಿಂತ ಹೆಚ್ಚು ತೂಗುತ್ತದೆ. ‘ಕಲ್ಲಿನ ಗ್ರಹ’ವಾದ ನಮ್ಮ ಭೂಮಿಯಲ್ಲಿರುವುದಕ್ಕಿಂತ ಹೆಚ್ಚಿನ ಸರಕು ‘ಅನಿಲ ಗ್ರಹ’ದ ಹೊಟ್ಟೆಯಲ್ಲೇ ಇದೆ!

ಬೆಂಕಿಕಡ್ಡಿ ಗೀರಿದರೆ?

ಏನೂ ಆಗುವುದಿಲ್ಲ. ಉರಿಯಲು ಹೈಡ್ರೋಜನ್ ಒಂದೇ ಸಾಲದು, ಆಮ್ಲಜನಕವೂ ಬೇಕು. ಹೈಡ್ರೋಜನ್ ತುಂಬಿದ ಬಲೂನಿಗೆ ಕಿಡಿ ತಗುಲಿದರೆ ಭಗ್ ಎಂದು ಹೊತ್ತಿಕೊಳ್ಳುವುದು (ಆದ್ದರಿಂದಲೇ ಅಂಥ ಬಲೂನು ಮಕ್ಕಳ ಕೈಗೆ ಕೊಡಬಾರದು) ನಮ್ಮ ಸುತ್ತಲಿನ ಗಾಳಿಯಲ್ಲಿ ಆಮ್ಲಜನಕ ಇರುವುದರಿಂದ. ಗುರುವಿನಲ್ಲಿ ಬಿಡಿಯಾದ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಇರುವುದೆಲ್ಲ ಆಗಲೇ ಹೈಡ್ರೋಜನ್ ಜೊತೆ ಸೇರಿ ನೀರಾಗಿದೆ. ಇನ್ನೂ ಅನುಮಾನವಿದ್ದರೆ ಇದನ್ನು ನೋಡಿ: ಗುರುವಿನಲ್ಲಿ ಮಿಂಚು ಹೊಡೆಯುತ್ತದೆ, 1979ರಲ್ಲೇ ವಾಯೇಜರ್-1 ಅದನ್ನು ಕಂಡಿತ್ತು. ಮಿಂಚಿಗೆ ಹೊತ್ತಿಕೊಳ್ಳದ ಗ್ರಹ ಬೆಂಕಿಕಡ್ಡಿಗೆ ಹೊತ್ತಿಕೊಳ್ಳುವುದಿಲ್ಲ.

ಇದರ ದೊಡ್ಡಣ್ಣನಂಥ ವದಂತಿಯೂ ಒಂದಿತ್ತು. 2003ರ ಸೆಪ್ಟೆಂಬರ್ 21ರಂದು ಗೆಲಿಲಿಯೋ ನೌಕೆಯನ್ನೇ ಗುರುವಿನೊಳಗೆ ಬೀಳಿಸಿದರು. ಯುರೋಪಾ ಎಂಬ ಉಪಗ್ರಹದಲ್ಲಿ ಸಮುದ್ರ ಇರಬಹುದು, ನೌಕೆ ಮುಂದೊಂದು ದಿನ ಅದಕ್ಕೆ ಬಡಿದು ಭೂಮಿಯ ಸೂಕ್ಷ್ಮಜೀವಿಗಳನ್ನು ಅಲ್ಲಿ ಬಿಡಬಾರದು ಎಂಬುದು ಕಾರಣ. ನೌಕೆಯ ವಿದ್ಯುತ್ತಿಗಾಗಿ ಇಟ್ಟಿದ್ದ ಪ್ಲುಟೋನಿಯಂ ಸಿಡಿದು ಗುರುವೇ ಎರಡನೇ ಸೂರ್ಯನಾಗುತ್ತದೆ ಎಂದು ಆಗ ಇಂಟರ್‌ನೆಟ್‌ನಲ್ಲಿ ಹೆದರಿಸಿದವರಿದ್ದರು. ಆ ಪ್ಲುಟೋನಿಯಂ ಬಾಂಬಿಗೆ ಬಳಸುವ ಬಗೆಯದಲ್ಲ, ಬಿಸಿ ಕೊಡುವ ಬಗೆಯದು. ಅದಕ್ಕಿಂತ ಮುಖ್ಯವಾಗಿ, ಸೂರ್ಯನಲ್ಲಿ ನಡೆಯುವುದು ಉರಿಯಲ್ಲ. ಹೈಡ್ರೋಜನ್ ಪರಮಾಣುಗಳ ಬೀಜಗಳು ಬೆಸೆದು ಹೀಲಿಯಂ ಆಗುವ ಕ್ರಿಯೆ. ಅದು ತಾನಾಗಿ ನಡೆದುಕೊಂಡು ಹೋಗಬೇಕಾದರೆ ಗುರು ಈಗಿರುವುದಕ್ಕಿಂತ ಸುಮಾರು 80 ಪಟ್ಟು ತೂಕವಿರಬೇಕು. ‘ನಕ್ಷತ್ರವಾಗುವುದು ಸ್ವಲ್ಪದರಲ್ಲಿ ತಪ್ಪಿತು’ ಎಂಬ ಮಾತಿನಲ್ಲಿ ಆ ‘ಸ್ವಲ್ಪ’ ಎಷ್ಟೆಂದು ಇದರಿಂದ ತಿಳಿಯುತ್ತದೆ.

ನೆಲವಿರುವ ಗ್ರಹಗಳು

ಈಗ ಕಲ್ಲಿನ ಗ್ರಹಗಳ ಕಡೆ ಬರೋಣ. ಇವುಗಳಿಗೂ ಗಾಳಿಯಿದೆ, ಆದರೆ ಅದು ಬರೀ ಲೇಪ. ಭೂಮಿಯ ಸುತ್ತಲಿನ ಅಷ್ಟೂ ಗಾಳಿಯ ತೂಕ ಭೂಮಿಯ ತೂಕದ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. 60 ಕೆಜಿಯ ವ್ಯಕ್ತಿಯ ಮೈಮೇಲೆ ಎರಡು ಮೂರು ಅಕ್ಕಿಕಾಳು ಅಂಟಿಕೊಂಡ ಹಾಗೆ. ಉಳಿದದ್ದೆಲ್ಲ ಕಲ್ಲು, ಕಬ್ಬಿಣ, ನಿಕ್ಕಲ್.

ಇಲ್ಲಿ ಶುಕ್ರನದು ವಿಶೇಷ ಪ್ರಕರಣ. ಅಲ್ಲಿನ ನೆಲದ ಮೇಲೆ ಒತ್ತಡ ನಮ್ಮ ಗಾಳಿಯ 90 ಪಟ್ಟು, ಉಷ್ಣತೆ ಸುಮಾರು 465 ಡಿಗ್ರಿ. ಗುರುವಿನಲ್ಲಿ ಶೋಧಕ ಮೌನವಾದ ಜಾಗಕ್ಕಿಂತ ಇದು ನಾಲ್ಕು ಪಟ್ಟು ಹೆಚ್ಚಿನ ಒತ್ತಡ. ಆದರೂ 1982ರ ಮಾರ್ಚ್ 1ರಂದು ಸೋವಿಯತ್ ಒಕ್ಕೂಟದ ವೆನೆರಾ-13 ಅಲ್ಲಿ ಇಳಿದು, ನಿಂತು, ಸುತ್ತಲಿನ ಚಪ್ಪಟೆ ಕಲ್ಲುಗಳ ಬಣ್ಣದ ಫೋಟೋ ತೆಗೆದು, 127 ನಿಮಿಷ ಕೆಲಸ ಮಾಡಿತು. ಶುಕ್ರ ಭಯಂಕರ ಜಾಗವೇ, ಆದರೆ ಅಲ್ಲಿ ಕಾಲೂರಲು ನೆಲವಿತ್ತು. ಗುರುವಿಗೆ ಹೋದ ಶೋಧಕ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ನಿಲ್ಲಲು ಅದಕ್ಕೆ ಜಾಗ ಸಿಗುತ್ತಿರಲಿಲ್ಲ.

ಈ ಭೇದ ಬಂದದ್ದು ಹೇಗೆ?

ಕಣದಲ್ಲಿ ರಾಶಿ ತೂರುವಾಗ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹಾರುತ್ತದಲ್ಲ, ಹಾಗೆ ಸೂರ್ಯ ಅನಿಲವನ್ನು ದೂರ ಊದಿಬಿಟ್ಟ, ಕಲ್ಲು ಹತ್ತಿರ ಉಳಿಯಿತು ಎಂದು ಸುಲಭವಾಗಿ ವಿವರಿಸಿಬಿಡಬಹುದು. ಹೋಲಿಕೆ ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ದೂರದಲ್ಲೂ ಬೇಕಾದಷ್ಟು ಕಲ್ಲಿದೆ, ಗುರುವಿನ ಹೊಟ್ಟೆಯೊಳಗಿನದನ್ನು ಈಗಷ್ಟೇ ನೋಡಿದೆವು.

ಸುಮಾರು 460 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತ ಅನಿಲ ಮತ್ತು ಧೂಳಿನ ದೊಡ್ಡ ತಟ್ಟೆ ತಿರುಗುತ್ತಿತ್ತು. ಅದರಲ್ಲಿ ಶೇಕಡ 98ರಷ್ಟು ಹೈಡ್ರೋಜನ್ ಮತ್ತು ಹೀಲಿಯಂ. ಕಲ್ಲು-ಲೋಹದ ಕಣಗಳು ಶೇಕಡ ಒಂದರಷ್ಟೂ ಇರಲಿಲ್ಲ. ಸೂರ್ಯನ ಹತ್ತಿರ ಬಿಸಿ ಹೆಚ್ಚು. ನೀರು ಅಲ್ಲಿ ಆವಿಯಾಗಿಯೇ ಇರುತ್ತಿತ್ತು. ಗಟ್ಟಿಯಾಗಿ ಸಿಗುತ್ತಿದ್ದದ್ದು ಕಲ್ಲು, ಲೋಹದ ಚೂರುಗಳು ಮಾತ್ರ. ಆ ಚೂರುಪಾರಿನಿಂದ ಕಟ್ಟಿಕೊಂಡದ್ದು ಬುಧ, ಶುಕ್ರ, ಭೂಮಿ, ಮಂಗಳ. ಬಂಡವಾಳ ಕಡಿಮೆ, ಆದ್ದರಿಂದ ಗ್ರಹಗಳೂ ಸಣ್ಣವು.

ಇಂದಿನ ಮಂಗಳ ಮತ್ತು ಗುರುವಿನ ನಡುವೆ ಎಲ್ಲೋ ಒಂದು ಗಡಿ ಇತ್ತು. ಅದರಾಚೆಗೆ ಚಳಿ ಎಷ್ಟೆಂದರೆ ನೀರಾವಿಯೂ ಹಿಮವಾಗಿ ಗಟ್ಟಿಯಾಗುತ್ತಿತ್ತು. ಇದಕ್ಕೆ ಹಿಮರೇಖೆ ಎನ್ನಬಹುದು. ಗಡಿ ದಾಟಿದ ಮೇಲೆ ಕಲ್ಲಿನ ಜೊತೆ ಹಿಮವೂ ಸಿಕ್ಕಿದ್ದರಿಂದ ಗ್ರಹದ ಮರಿಗಳು ಬೇಗ ಬೆಳೆದವು. ಹತ್ತು ಭೂಮಿಗಳಷ್ಟು ತೂಕ ಬಂದ ಮೇಲೆ ಆಟವೇ ಬೇರೆ. ಆ ಗುರುತ್ವಕ್ಕೆ ಸುತ್ತಲಿನ ಹೈಡ್ರೋಜನ್ ಮತ್ತು ಹೀಲಿಯಂ ಧಾರಾಳವಾಗಿ ಬಂದು ಸೇರಿತು. ಸೇರಿದಷ್ಟೂ ಸೆಳೆತ ಹೆಚ್ಚಿತು, ಸೆಳೆತ ಹೆಚ್ಚಿದಷ್ಟೂ ಇನ್ನಷ್ಟು ಸೇರಿತು.

ಭೂಮಿಗೆ ಆ ಶಕ್ತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಜಾತ್ರೆಯಲ್ಲಿ ಮಗುವಿನ ಕೈಯಿಂದ ತಪ್ಪಿಸಿಕೊಂಡ ಬಲೂನಿನೊಳಗಿನ ಹೀಲಿಯಂ ಗಾಳಿಯಲ್ಲಿ ಬೆರೆತು ಮೇಲೇರಿ, ಕಾಲಾಂತರದಲ್ಲಿ ಬಾಹ್ಯಾಕಾಶಕ್ಕೆ ಸೋರಿ ಹೋಗುತ್ತದೆ. ಹಿಡಿದಿಟ್ಟುಕೊಳ್ಳುವಷ್ಟು ಗುರುತ್ವ ಭೂಮಿಗಿಲ್ಲ. ಗುರುವಿಗಿದೆ. (ನಿಮ್ಮ ಜಾತಕದಲ್ಲಿ ಗುರುಬಲ ಇದೆಯೇ ಎಂಬುದು ನಮ್ಮ ವಿಷಯವಲ್ಲ; ಗುರುವಿನ ಬಲ ಇದು.)

ಅನಿಲದ ಆ ತಟ್ಟೆ ಶಾಶ್ವತವಾಗಿರಲಿಲ್ಲ, ಕೆಲವೇ ದಶಲಕ್ಷ ವರ್ಷಗಳಲ್ಲಿ ಚದುರಿಹೋಯಿತು. ಯುರೇನಸ್ ಮತ್ತು ನೆಪ್ಚೂನ್ ನಿಧಾನಕ್ಕೆ ಬೆಳೆದು ಸಿದ್ಧವಾಗುವ ಹೊತ್ತಿಗೆ ಊಟ ಮುಗಿದು ಎಲೆ ಎತ್ತುವ ಸಮಯ ಬಂದಿತ್ತು. ಹೀಗಾಗಿ ಅವುಗಳ ತೂಕ 14 ಮತ್ತು 17 ಭೂಮಿಗಳಷ್ಟೇ. ಅವುಗಳಲ್ಲಿ ಹೈಡ್ರೋಜನ್ ಹೊರಗಿನ ಹೊದಿಕೆ ಮಾತ್ರ, ಒಳಗೆ ಹೆಚ್ಚಿನದು ನೀರು, ಅಮೋನಿಯಾ, ಮೀಥೇನ್. ವಿಜ್ಞಾನಿಗಳು ಇವನ್ನು ಈಗ ಅನಿಲ ಗ್ರಹಗಳಿಂದ ಬೇರ್ಪಡಿಸಿ ‘ಹಿಮದೈತ್ಯ’ ಎಂದು ಕರೆಯುತ್ತಾರೆ. ಇದೂ ದಾರಿ ತಪ್ಪಿಸುವ ಹೆಸರೇ. ಒಳಗಿರುವುದು ಫ್ರಿಜ್ಜಿನ ಐಸ್ ಅಲ್ಲ, ಸಾವಿರಾರು ಡಿಗ್ರಿ ಬಿಸಿಯ ದಟ್ಟ ದ್ರವ.

ವಜ್ರದ ಮಳೆಯ ಮಾತು ಬರುವುದು ಇಲ್ಲಿಂದ. ಮೀಥೇನ್‌ನಲ್ಲಿ ಇಂಗಾಲವಿದೆ, ವಿಪರೀತ ಒತ್ತಡದಲ್ಲಿ ಅದು ವಜ್ರವಾಗಬಹುದು. 2017ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಪ್ಲಾಸ್ಟಿಕ್ಕನ್ನು ಲೇಸರ್‌ನಿಂದ ಹೊಡೆದು ಅಂಥ ಒತ್ತಡ ಸೃಷ್ಟಿಸಿದಾಗ ಕಣ್ಣಿಗೆ ಕಾಣದಷ್ಟು ಚಿಕ್ಕ ವಜ್ರಗಳು ಮೂಡಿದವು. ಸಾಧ್ಯ ಎಂಬುದಕ್ಕೆ ಇದು ಒಳ್ಳೆಯ ಸುಳಿವು. ಆದರೆ ನೆಪ್ಚೂನ್‌ನಲ್ಲಿ ಆ ಮಳೆಯನ್ನು ಯಾರೂ ನೋಡಿಲ್ಲ. ಈ ಎರಡೂ ಗ್ರಹಗಳ ಬಳಿಗೆ ಇದುವರೆಗೆ ಹೋದ ನೌಕೆ ಒಂದೇ: ವಾಯೇಜರ್-2. ಅದೂ ನಿಲ್ಲದೆ ಹಾದುಹೋಯಿತು, 1986ರಲ್ಲಿ ಯುರೇನಸ್ ಪಕ್ಕ, 1989ರಲ್ಲಿ ನೆಪ್ಚೂನ್ ಪಕ್ಕ.

ಒಂದು ಲೀಟರ್ ತೂಗಿ ನೋಡಿ

ಇಷ್ಟು ದೂರದ ಗ್ರಹ ಕಲ್ಲಿನದೋ ಅನಿಲದ್ದೋ ಎಂದು ಹೇಗೆ ಗೊತ್ತಾಗುತ್ತದೆ? ಸಾಂದ್ರತೆಯಿಂದ. ಗಾತ್ರ ಎಷ್ಟು, ತೂಕ ಎಷ್ಟು ಎಂದು ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆಯಿತು.

ಮನೆಯ ಒಂದು ಲೀಟರ್ ಪಾತ್ರೆ ನೆನಪಿಸಿಕೊಳ್ಳಿ. ನೀರು ತುಂಬಿದರೆ 1 ಕೆಜಿ. ಗ್ರಾನೈಟ್ ಕಲ್ಲಾದರೆ ಸುಮಾರು 2.7 ಕೆಜಿ. ಭೂಮಿಯನ್ನು ಪೂರ್ತಿ ಕಲಸಿ ಒಂದು ಲೀಟರ್ ತೆಗೆದರೆ 5.5 ಕೆಜಿ ತೂಗುತ್ತದೆ. ಕಲ್ಲಿಗಿಂತ ಭೂಮಿ ಭಾರವಾದದ್ದು ನಡುವೆ ಕಬ್ಬಿಣ ಇರುವುದರಿಂದ ಮತ್ತು ಎಲ್ಲವೂ ಒತ್ತಿಕೊಂಡಿರುವುದರಿಂದ. ಬುಧ 5.4, ಶುಕ್ರ 5.2, ಮಂಗಳ 3.9 ಕೆಜಿ. ಗುರುವಿನ ಒಂದು ಲೀಟರ್ ಬರೀ 1.3 ಕೆಜಿ. ಶನಿಯದು 690 ಗ್ರಾಂ.

ಶನಿ ತೇಲುತ್ತದೆ ಎಂಬ ಫಾರ್ವರ್ಡ್ ಹುಟ್ಟಿದ್ದು ಈ ಕೊನೆಯ ಅಂಕಿಯಿಂದ. ಅಂಕಿ ನಿಜ, ಶನಿ ಸರಾಸರಿಯಲ್ಲಿ ನೀರಿಗಿಂತ ಹಗುರ. ತೇಲುವ ಚಿತ್ರ ಮಾತ್ರ ಕಲ್ಪನೆ. ಶನಿ ರಬ್ಬರ್ ಚೆಂಡಲ್ಲ, ಅದಕ್ಕೆ ಹೊರಗಿನ ಸಿಪ್ಪೆಯಿಲ್ಲ. ಅದರ ಒಳಭಾಗ ನೀರಿಗಿಂತ ಎಷ್ಟೋ ಭಾರ. ಅಷ್ಟು ದೊಡ್ಡ ನೀರಿನ ತೊಟ್ಟಿ ಇದ್ದಿದ್ದರೆ ಅದೇ ಒಂದು ಗ್ರಹವಾಗಿ, ಎರಡೂ ಒಂದಕ್ಕೊಂದು ಕಲಸಿಹೋಗುತ್ತಿದ್ದವು. ನಮಗೆ ಇದಕ್ಕಿಂತ ಮಜಾ ಅನ್ನಿಸುವುದು ಬೇರೆ: ಶನಿಯ ತೂಕ 95 ಭೂಮಿಗಳಷ್ಟು, ಆದರೆ ಅದು ಎಷ್ಟು ಅಗಲವಾಗಿ ಉಬ್ಬಿದೆಯೆಂದರೆ ಮೋಡಗಳ ಮಟ್ಟದಲ್ಲಿ ನಿಮ್ಮ ತೂಕ ಇಲ್ಲಿಯಷ್ಟೇ ಹೆಚ್ಚುಕಡಿಮೆ ಇರುತ್ತದೆ. ನಿಲ್ಲಲು ಜಾಗವಿಲ್ಲ, ಅಷ್ಟೇ.

‘ಎರಡನೇ ಭೂಮಿ’ ಸುದ್ದಿ ಬಂದಾಗ

ಈ ಲೀಟರ್ ಲೆಕ್ಕ ನಿಜವಾಗಿ ಕೆಲಸಕ್ಕೆ ಬರುವುದು ಬೇರೆ ನಕ್ಷತ್ರಗಳ ಗ್ರಹಗಳ ವಿಷಯದಲ್ಲಿ. ಅವುಗಳ ಫೋಟೋ ಎಂದು ಫಾರ್ವರ್ಡ್‌ನಲ್ಲಿ ಬರುವ ನೀಲಿ ಸಮುದ್ರ, ಬಿಳಿ ಮೋಡ ಎಲ್ಲ ಕಲಾವಿದರು ಬಿಡಿಸಿದ್ದು. ವಿಜ್ಞಾನಿಗಳ ಕೈಗೆ ಸಾಮಾನ್ಯವಾಗಿ ಸಿಗುವುದು ಎರಡು ಅಳತೆ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಎಷ್ಟು ಕುಂದುತ್ತದೆ ಎಂಬುದರಿಂದ ಗಾತ್ರ. ಗ್ರಹದ ಸೆಳೆತಕ್ಕೆ ನಕ್ಷತ್ರ ಎಷ್ಟು ಅಲ್ಲಾಡುತ್ತದೆ ಎಂಬುದರಿಂದ ತೂಕ.

ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ದೂರದರ್ಶಕವಿದೆ. ಅಲ್ಲಿನ ವಿಜ್ಞಾನಿಗಳು ಈ ಎರಡನೇ ಬಗೆಯ ಅಳತೆ ಮಾಡಿ 2021ರಲ್ಲಿ ಟಿಒಐ-1789ಬಿ ಎಂಬ ಗ್ರಹವನ್ನು ಪ್ರಕಟಿಸಿದರು. ಗಾತ್ರ ಗುರುವಿನ 1.4 ಪಟ್ಟು, ತೂಕ ಗುರುವಿನ ಶೇಕಡ 70 ಮಾತ್ರ. ಅಂದರೆ ಒಂದು ಲೀಟರಿಗೆ ಸುಮಾರು 300 ಗ್ರಾಂ, ಶನಿಗಿಂತಲೂ ಹಗುರ. ತನ್ನ ನಕ್ಷತ್ರಕ್ಕೆ ಅದು ಎಷ್ಟು ಹತ್ತಿರವೆಂದರೆ ಮೂರು ದಿನ ಚಿಲ್ಲರೆಗೆ ಒಂದು ಸುತ್ತು ಮುಗಿಸುತ್ತದೆ. ಆ ಬಿಸಿಗೆ ಉಬ್ಬಿಕೊಂಡಿದೆ. ಅನಿಲ ಗ್ರಹ ದೂರವೇ ಇರಬೇಕು ಎಂಬ ನಮ್ಮ ಸೌರವ್ಯೂಹದ ಪಾಠವನ್ನು ಇಂಥ ಗ್ರಹಗಳು ಮುರಿದಿವೆ. ಮೊದಲು ಮುರಿದದ್ದು 1995ರಲ್ಲಿ ಸಿಕ್ಕ 51 ಪೆಗಾಸಿ ಬಿ. ಅದನ್ನು ಕಂಡ ಮಿಷೆಲ್ ಮೇಯರ್ ಮತ್ತು ದಿದಿಯೆ ಕ್ವೆಲೋ ಅವರಿಗೆ 2019ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಇವು ದೂರದಲ್ಲೇ ಹುಟ್ಟಿ ಆಮೇಲೆ ಒಳಕ್ಕೆ ಸರಿದು ಬಂದಿರಬೇಕು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಎರಡೂ ಅಳತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರಾಕ್ಸಿಮಾ ಬಿ ಉದಾಹರಣೆ. 2016ರಲ್ಲಿ ಪತ್ತೆಯಾದ ಇದು ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರದ ಗ್ರಹ. ತೂಕ ಕನಿಷ್ಠ ಭೂಮಿಯಷ್ಟಿದೆ ಎಂದು ಗೊತ್ತು. ಆದರೆ ಅದು ನಕ್ಷತ್ರದ ಮುಂದೆ ಹಾದುಹೋಗುವುದು ನಮಗೆ ಕಾಣದ ಕಾರಣ ಗಾತ್ರ ಗೊತ್ತಿಲ್ಲ. ಕಲ್ಲಿನದಿರಬಹುದು ಎನ್ನಬಹುದೇ ಹೊರತು ಹೌದು ಎನ್ನುವಂತಿಲ್ಲ. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1ರ ಏಳು ಗ್ರಹಗಳದು ಬೇರೆ ಕಥೆ. ಗಾತ್ರ, ತೂಕ ಎರಡೂ ಸಿಕ್ಕಿವೆ, ಏಳೂ ಕಲ್ಲಿನವೇ ಎಂದು ಸಾಂದ್ರತೆ ಹೇಳುತ್ತದೆ.

ಈ ಎರಡರ ನಡುವೆ ಬರುವ ಗ್ರಹಗಳೇ ಹೆಚ್ಚು ತಲೆನೋವು. ಭೂಮಿಗಿಂತ ದೊಡ್ಡವು, ನೆಪ್ಚೂನ್‌ಗಿಂತ ಚಿಕ್ಕವು. ನಮ್ಮ ಸೌರವ್ಯೂಹದಲ್ಲಿ ಇಂಥದ್ದು ಒಂದೂ ಇಲ್ಲ, ಹೊರಗೆ ಧಾರಾಳವಾಗಿವೆ. ಒಟ್ಟಾರೆ ಅನುಭವ ಹೇಳುವುದಿಷ್ಟು: ಅಗಲ ಭೂಮಿಯ ಒಂದೂವರೆ ಪಟ್ಟಿನೊಳಗಿದ್ದರೆ ಕಲ್ಲಿನದಿರುವ ಸಂಭವ ಹೆಚ್ಚು. ಎರಡು ಪಟ್ಟು ದಾಟಿದರೆ ದಪ್ಪನೆಯ ಅನಿಲದ ಹೊದಿಕೆ ಇರುವುದೇ ಸಾಮಾನ್ಯ.

2025ರ ಏಪ್ರಿಲ್‌ನಲ್ಲಿ ಎಲ್ಲರ ಫೋನಿಗೂ ಬಂದ ಕೆ2-18ಬಿ ಇಂಥ ನಡುವಿನ ಗ್ರಹ. ಕೇಂಬ್ರಿಜ್ ವಿಶ್ವವಿದ್ಯಾಲಯದ ಭಾರತ ಮೂಲದ ವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದಿಂದ ನೋಡಿ, ಅದರ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್‌ನಂಥ ವಸ್ತುವಿನ ಸುಳಿವಿದೆ ಎಂದಿತು. ಭೂಮಿಯ ಮೇಲೆ ಆ ವಸ್ತು ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳಿಂದ ಬರುತ್ತದೆ. ಖಚಿತಪಡಿಸಲು ಇನ್ನಷ್ಟು ವೀಕ್ಷಣೆ ಬೇಕೆಂದು ಆ ತಂಡವೇ ಹೇಳಿತ್ತು. ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದ ಬೇರೆ ವಿಜ್ಞಾನಿಗಳು ಸುಳಿವು ಅಷ್ಟು ಗಟ್ಟಿಯಿಲ್ಲ ಎಂದರು. ಫಾರ್ವರ್ಡ್‌ಗಳಲ್ಲಿ ಇದು ‘ಜೀವ ಪತ್ತೆ’ ಎಂದಾಯಿತು.

ಈಗ ಲೀಟರ್ ಲೆಕ್ಕ ಹಾಕೋಣ. ಕೆ2-18ಬಿಯ ಅಗಲ ಭೂಮಿಯ 2.6 ಪಟ್ಟು, ತೂಕ ಸುಮಾರು 8.6 ಪಟ್ಟು. ಒಂದು ಲೀಟರಿಗೆ 2.7 ಕೆಜಿಯ ಆಸುಪಾಸು. ಗ್ರಾನೈಟ್ ಕಲ್ಲಿನಷ್ಟೇ ಎಂದು ಖುಷಿಪಡುವ ಹಾಗಿಲ್ಲ. ಎಂಟು ಭೂಮಿಗಳಷ್ಟು ಕಲ್ಲು, ಕಬ್ಬಿಣ ಒಂದೆಡೆ ಸೇರಿದ್ದರೆ ಭೂಮಿಗಿಂತಲೂ ಬಿಗಿಯಾಗಿ ಒತ್ತಿಕೊಂಡು ಲೀಟರಿಗೆ 5.5 ಕೆಜಿಗಿಂತ ಹೆಚ್ಚೇ ತೂಗಬೇಕಿತ್ತು. ಅಂದರೆ ಹಗುರವಾದ ಏನೋ ಅದರಲ್ಲಿ ಗಣನೀಯವಾಗಿ ಸೇರಿದೆ.

ಏನದು? ಮುಚ್ಚಿದ ಡಬ್ಬಿಯನ್ನು ಹೊರಗಿನಿಂದ ತೂಗಿದ ಹಾಗೆ ಇದು. ಡಬ್ಬಿ ತುಂಬ ಅಕ್ಕಿ ಇದ್ದರೂ, ತಳದಲ್ಲಿ ಎರಡು ಅಚ್ಚು ಬೆಲ್ಲವಿಟ್ಟು ಮೇಲೆ ಮಂಡಕ್ಕಿ ತುಂಬಿದರೂ ತಕ್ಕಡಿ ಒಂದೇ ತೂಕ ತೋರಿಸಬಹುದು. ತೆಳುವಾದ ಹೈಡ್ರೋಜನ್ ವಾತಾವರಣದ ಕೆಳಗೆ ನೀರಿನ ಮಹಾಸಾಗರ ಇದ್ದರೂ ಈ ಅಂಕಿ ಹೊಂದುತ್ತದೆ. ಮಧುಸೂದನ್ ಅವರ ತಂಡದ ವಾದ ಅದೇ. ಕಲ್ಲಿನ ತಿರುಳಿನ ಮೇಲೆ ದಪ್ಪನೆಯ, ಆಳದಲ್ಲಿ ಕುದಿಯುವಷ್ಟು ಬಿಸಿಯಾದ ಹೈಡ್ರೋಜನ್ ಹೊದ್ದ ಪುಟ್ಟ ನೆಪ್ಚೂನ್ ಆಗಿದ್ದರೂ ಹೊಂದುತ್ತದೆ. ಆಗ ಅಲ್ಲಿ ಸಮುದ್ರವೂ ಇಲ್ಲ, ದಡವೂ ಇಲ್ಲ. ಗೆಲಿಲಿಯೋ ಶೋಧಕ ಕಂಡಂತೆ ಇಳಿದಷ್ಟೂ ಬಿಸಿ, ಇಳಿದಷ್ಟೂ ಒತ್ತಡ. ಈ ಎರಡರಲ್ಲಿ ಯಾವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. 124 ಜ್ಯೋತಿರ್ವರ್ಷ ದೂರದ ಆ ಗ್ರಹ 33 ದಿನಕ್ಕೊಮ್ಮೆ ತನ್ನ ನಕ್ಷತ್ರವನ್ನು ಸುತ್ತುತ್ತದೆ. ಅದು ನಕ್ಷತ್ರದ ಮುಂದೆ ಬರುವ ಕೆಲವೇ ಗಂಟೆಗಳಲ್ಲಿ ಅಳತೆ ಮುಗಿಸಬೇಕು, ಆಮೇಲೆ ಮತ್ತೆ ಒಂದು ತಿಂಗಳು ಕಾಯಬೇಕು.